ಜೋಗತಿಯ ಕೊಡ, ಮಂಜಮ್ಮನ ಕಸುಬು



ಹುಣ್ಣಿಮೆ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಜನ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋಗುತ್ತಾರೆ. ಅಲ್ಲಿ ದೇವಿಗೆ ಬಿಟ್ಟ ಜೋಗತಿಯರ ಕೈಗೆ ಕಾಸು ಹಾಕಿ, ಭಂಡಾರ ಹಚ್ಚಿಸಿಕೊಂಡು ಬರುತ್ತಾರೆ. ಅವರು ಯಾರ ಮನೆಯ ಮಕ್ಕಳು ಎಂದು ಕೇಳುವವರು ಕಡಿಮೆ. ಇಂದಿನ ಉಪನ್ಯಾಸ ಅಂಥ ಒಬ್ಬರ ಕುರಿತು.

ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜುನಾಥ ಶೆಟ್ಟಿ, ಹರೆಯಕ್ಕೆ ಬರುವ ಹೊತ್ತಿಗೆ ತನ್ನನ್ನು ಹೆಣ್ಣೆಂದೇ ಬಗೆದಿದ್ದ. ಮನೆಯವರು ಹೊಡೆದರು, ಬಡಿದರು, ದೇವರ ಮೊರೆ ಹೋದರು. ಕೊನೆಗೆ 1975ರಲ್ಲಿ ಹುಲಿಗಿಗೆ ಕರೆದೊಯ್ದು ಮುತ್ತು ಕಟ್ಟಿಸಿ ದೇವಿಗೆ ಬಿಟ್ಟರು. ಉಡದಾರ ಹರಿದು, ಲಂಗ ರವಿಕೆ ತೊಡಿಸಿ, ಕೈಗೆ ಬಳೆ ಇಡಿಸಿದರು. ಮಗ ಸತ್ತನೆಂಬಂತೆ ತಾಯಿ ಅತ್ತರು. ಅಂದಿನಿಂದ ಆತ ಮಂಜಮ್ಮ ಜೋಗತಿ.

ಊರು ಜೋಗತಿಗೆ ಜಾಗವನ್ನೇ ಕೊಡಲಿಲ್ಲ ಎನ್ನುವಂತಿಲ್ಲ. ಅಂಗಳದ ತನಕ ಕೊಟ್ಟಿತು, ಪಡಸಾಲೆಗೆ ಕರೆಯಲಿಲ್ಲ.

ಮಂಜಮ್ಮ ಮನೆ ಬಿಟ್ಟು, ಸೀರೆ ಉಟ್ಟು ಭಿಕ್ಷೆ ಬೇಡಿದರು. ಅತ್ಯಾಚಾರಕ್ಕೆ ಒಳಗಾದರು. ಬದುಕೇ ಬೇಡವೆನ್ನಿಸಿದ ದಿನಗಳವು. ಅಂಥದ್ದರಲ್ಲಿ ದಾವಣಗೆರೆಯ ಬಸ್ ನಿಲ್ದಾಣದಲ್ಲಿ ತಂದೆ ಹಾಡುವುದನ್ನೂ ಮಗ ಕೊಡ ಹೊತ್ತು ಕುಣಿಯುವುದನ್ನೂ ಕಂಡರು. ನನಗೂ ಕಲಿಸಿ ಎಂದು ಬೆನ್ನು ಬಿದ್ದರು. ಮುಂದೆ ಕಾಳವ್ವ ಜೋಗತಿಯ ಮೇಳ ಸೇರಿದರು.

ಜೋಗತಿ ಕುಣಿತದಲ್ಲಿ ಎಲ್ಲಮ್ಮ ದೇವಿಯ ಮುಖ, ನವಿಲುಗರಿ, ಬೇವಿನ ಸೊಪ್ಪು ಕಟ್ಟಿದ ಕೊಡ ನೆತ್ತಿಯ ಮೇಲೆ ನಿಲ್ಲಬೇಕು. ಕೈಯಲ್ಲಿ ಹಿಡಿಯುವಂತಿಲ್ಲ. ಚೌಡಿಕೆ ವಾದ್ಯದ ಲಯಕ್ಕೆ ಬಾಗಬೇಕು, ಕೂರಬೇಕು, ಗರಗರ ತಿರುಗಬೇಕು. ಕತ್ತು, ಸೊಂಟ, ಹೆಜ್ಜೆ ಮೂರೂ ಒಂದೇ ಮಾತು ಕೇಳಬೇಕು. ದೇವಿ ಮೈಮೇಲೆ ಬಂದ ಮಾತ್ರಕ್ಕೆ ಇದು ಬರುವುದಿಲ್ಲ, ದಿನವೂ ರೂಢಿ ಮಾಡಬೇಕು. ಮಂಜಮ್ಮನಿಗೆ ಧೈರ್ಯ ಕೂಡಿ ಬಂದದ್ದು ಈ ರೂಢಿಯಿಂದ, ಜೊತೆಗೆ ಕುಣಿಯುವವರ ಸಂಗದಿಂದ. ಹೆಣ್ಣೋ ಗಂಡೋ ಎಂದು ಕೆಣಕುತ್ತಿದ್ದ ಜನವೇ ಕೊಡ ಬೀಳುತ್ತದೋ ಇಲ್ಲವೋ ಎಂದು ಉಸಿರು ಹಿಡಿದು ನೋಡತೊಡಗಿದರು.

ಕಾಳವ್ವ ತೀರಿಕೊಂಡ ಮೇಲೆ ಮೇಳದ ಹೊಣೆ ಇವರ ಹೆಗಲಿಗೆ ಬಂತು. 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಕುರ್ಚಿಯಲ್ಲಿ ಕುಳಿತ ಮೊದಲ ಟ್ರಾನ್ಸ್‌ಜೆಂಡರ್ ವ್ಯಕ್ತಿ ಅವರು. 2021ರ ನವೆಂಬರ್ 9ರಂದು ಪದ್ಮಶ್ರೀ ಪಡೆಯಲು ಹೋದವರು ಮೊದಲು ಸೆರಗು ಹಿಡಿದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರ ದೃಷ್ಟಿ ತೆಗೆದರು. ಬೀದಿಯಲ್ಲಿ ಹರಸುವ ಬಗೆಯನ್ನು ದಿಲ್ಲಿಯಲ್ಲೂ ಬಿಡಲಿಲ್ಲ.

ಎಲ್ಲರಿಗೂ ಪದ್ಮಶ್ರೀ ಬರುವುದಿಲ್ಲ, ಎಲ್ಲರೂ ಕೊಡ ಹೊರಬೇಕಾಗಿಯೂ ಇಲ್ಲ. ಸುಪ್ರೀಂ ಕೋರ್ಟ್ 2014ರಲ್ಲಿ ಟ್ರಾನ್ಸ್‌ಜೆಂಡರ್ ಜನರನ್ನು ತೃತೀಯ ಲಿಂಗಿಗಳೆಂದು ಮಾನ್ಯ ಮಾಡಿತು. ಕರ್ನಾಟಕ 2021ರಲ್ಲಿ ಅವರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ಆದರೆ ನೌಕರಿಗೆ ಅರ್ಜಿ ಹಾಕಲು ಅಂಕಪಟ್ಟಿ ಬೇಕು. ಮನೆಯಿಂದ ಹೊರಬಿದ್ದ ಮಗು ಶಾಲೆಯಿಂದಲೂ ಹೊರಬೀಳುತ್ತದೆ. ಅದರ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಪಾಲಕರ, ಮಾಸ್ತರರ ಕೈಯಲ್ಲಿರುವ ಕೆಲಸ.