ಕಡಲು, ಕಾಳಿ, ಅಣಶಿ: ಪ್ರವಾಸಕ್ಕೆ ಯಾರ ಪಂಚಾಂಗ?

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಬೆಂಗಳೂರಿನ ಹಳೆಯ ಕೋಟೆ ಮತ್ತು ಕೃಷ್ಣರಾಜ ಮಾರುಕಟ್ಟೆಯ ಮಗ್ಗುಲಲ್ಲಿರುವ ಕಲಾಸಿಪಾಳ್ಯ ಮಲೆನಾಡಿನವರಿಗೆ ಅಪರಿಚಿತ ಸ್ಥಳವಲ್ಲ. ಲಾರಿ ಕಚೇರಿಗಳು, ತರಕಾರಿ ಮಂಡಿಗಳು, ಖಾಸಗಿ ಬಸ್ಸುಗಳ ಟಿಕೆಟ್ ಅಂಗಡಿಗಳು ಒತ್ತೊತ್ತಾಗಿ ತುಂಬಿರುವ ಆ ಬೀದಿಗಳಿಂದ ದಶಕಗಳ ಕಾಲ ಘಟ್ಟದ ಊರುಗಳಿಗೂ ಕರಾವಳಿಗೂ ರಾತ್ರಿ ಬಸ್ಸುಗಳು ಹೊರಟಿವೆ. 2023ರಲ್ಲಿ ಅಲ್ಲಿ ಹೊಸ ಬಸ್ ನಿಲ್ದಾಣವೂ ಉದ್ಘಾಟನೆಯಾಯಿತು. ದುಡಿಯಲು ನಗರ ಸೇರಿದ ಊರಿನ ಮಕ್ಕಳು ಹಬ್ಬಕ್ಕೆ ಮರಳುವ ದಾರಿ ಅದು. ನಗರದವರು ವಿಹಾರಕ್ಕೆಂದು ಕಾಡಿನತ್ತ ಹೊರಡುವ ದಾರಿಯೂ ಅದೇ.

ಶಾಲೆಗೆ ರಜೆ ಬಂದಿತೆಂದರೆ ಕಲಾಸಿಪಾಳ್ಯದ ಒಂದು ಕುಟುಂಬ ಪ್ರವಾಸದ ಯೋಜನೆ ಹಾಕುತ್ತದೆ ಎಂದು ಭಾವಿಸೋಣ. ಮಕ್ಕಳಿಗೆ ಸಮುದ್ರ ಬೇಕು, ಹಿರಿಯರಿಗೆ ಕಾಡಿನ ತಂಪು ಬೇಕು. ಕರ್ನಾಟಕದಲ್ಲಿ ಈ ಎರಡನ್ನೂ ಒಂದೇ ಪ್ರಯಾಣದಲ್ಲಿ ಕಾಣಿಸುವ ಜಾಗ ಅಣಶಿ ರಾಷ್ಟ್ರೀಯ ಉದ್ಯಾನ ಮತ್ತು ಅದರ ಕೆಳಗಿನ ಪಟ್ಟಣ ಕಾರವಾರ. ಆ ಕುಟುಂಬ ಮೊದಲು ವಿಚಾರಿಸುವುದು ಬಸ್ಸಿನ ಟಿಕೆಟ್ ಮತ್ತು ಉಳಿಯಲು ಕೋಣೆ. ಕಾಡಿಗೆ ಅದು ಯಾವ ಕಾಲ, ಅಲ್ಲಿ ವಾಸಿಸುವವರಿಗೆ ಅದು ಯಾವ ಕಾಲ ಎಂಬ ಪ್ರಶ್ನೆ ಸಾಮಾನ್ಯವಾಗಿ ಕೇಳಲ್ಪಡುವುದಿಲ್ಲ. ಪ್ರವಾಸ ನಿಶ್ಚಯವಾಗುವುದು ನಗರದ ಪಂಚಾಂಗದಂತೆ. ಅದರ ಭಾರ ಬೀಳುವುದು ಕಾಡಿನ ಪಂಚಾಂಗದ ಮೇಲೆ. ಇಂದಿನ ವಿಚಾರ ಇಷ್ಟೇ.

ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಮಾರು 340 ಚದರ ಕಿಲೋಮೀಟರು ವಿಸ್ತಾರದ ಈ ಕಾಡು 2007ರಲ್ಲಿ ದಾಂಡೇಲಿ ಅಭಯಾರಣ್ಯದೊಡನೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ನದಿಯ ಹೆಸರು ಬಂದಿತು. ಸಮುದ್ರಮಟ್ಟಕ್ಕೆ ತೀರ ಸಮೀಪದಿಂದ ಆರಂಭವಾಗಿ ಸುಮಾರು ಒಂಬೈನೂರು ಮೀಟರು ಎತ್ತರದವರೆಗೆ ಏರುವ ಕಾಡು ಇದು. ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ ಹುಟ್ಟುವ ಕಾಳಿ ಇಲ್ಲಿಂದ ಇಳಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಹೊಳೆಯ ತಲೆಯಲ್ಲಿ ಆದದ್ದು ಅಳಿವೆಯಲ್ಲಿ ಕಾಣುತ್ತದೆ. ಆದುದರಿಂದ ಅಣಶಿಯನ್ನೂ ಕಾರವಾರವನ್ನೂ ಎರಡು ಪ್ರವಾಸಿ ತಾಣಗಳೆಂದು ನೋಡದೆ ಒಂದೇ ಜಲಾನಯನವೆಂದು ತಿಳಿಯುವುದು ಉಚಿತ.

ಈಗ ತಿಂಗಳುಗಳ ಲೆಕ್ಕ. ನಗರದ ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ. ದಾಂಡೇಲಿ, ಅಣಶಿಯ ಕಾಡುಗಳು ಮಂಗಟ್ಟೆ ಹಕ್ಕಿಗೆ ಹೆಸರಾದವು. ನಾಲ್ಕು ಜಾತಿಯ ಮಂಗಟ್ಟೆಗಳು ಇಲ್ಲಿವೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಇವುಗಳ ಬಾಣಂತನದ ಕಾಲ. ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಚಾಚುವಷ್ಟು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ಹಕ್ಕಿ ಆಲ, ಅತ್ತಿ, ಬಸರಿಯ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕ ಉಣಿಸುತ್ತದೆ. ಮರದ ಬುಡದಲ್ಲಿ ಗದ್ದಲವೆದ್ದು ಗಂಡು ಹತ್ತಿರ ಬರಲು ಅಂಜಿದರೆ ಒಳಗಿರುವ ತಾಯಿ, ಮರಿಗಳ ಊಟ ತಪ್ಪುತ್ತದೆ. ಬೆಂಕಿಯ ಭಯವೂ ಇದೇ ತಿಂಗಳುಗಳದು. ಹಳ್ಳಿಯ ಬಾವಿಗಳಲ್ಲಿ ನೀರು ತಳ ಕಾಣುವುದೂ ಆಗಲೇ. ಒಂದು ರೆಸಾರ್ಟಿನ ಸ್ನಾನಕ್ಕೆ ಹೋಗುವ ನೀರು ಮತ್ತು ಊರಿನ ಕೊಡಕ್ಕೆ ಬರಬೇಕಾದ ನೀರು ಒಂದೇ ನೆಲದ್ದು.

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮಳೆ. ಹಸಿರನ್ನೂ ಜಲಪಾತವನ್ನೂ ನೋಡಲು ಬರುವವರು ಗುಡ್ಡದ ಸ್ವಭಾವವನ್ನೂ ತಿಳಿದಿರಬೇಕು. 2019ರ ಆಗಸ್ಟಿನಲ್ಲಿ ಕದ್ರಾ ಜಲಾಶಯದಿಂದ ಬಿಟ್ಟ ನೀರು ಕಾಳಿಯ ದಡದ ಊರುಗಳಿಗೆ ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು, ರಸ್ತೆಬದಿಯ ಚಹಾ ಅಂಗಡಿಯೂ ನಿಂತ ವಾಹನಗಳೂ ಮಣ್ಣಿನೊಡನೆ ಗಂಗಾವಳಿ ನದಿಗೆ ಸರಿದವು. ಹಲವರು ಪ್ರಾಣ ಕಳೆದುಕೊಂಡರು. ಮೂರು ವಾರದ ಬಳಿಕ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಹಳೆಯ ಕಾಳಿ ಸೇತುವೆಯೇ ಬಿದ್ದಿತು. ಜೂನ್ ಮತ್ತು ಜುಲೈ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧ. ಮೀನು ಮರಿ ಹಾಕುವ ಆ ಕಾಲಕ್ಕೆ ಕಡಲೇ ರಜೆ ಪಡೆಯುತ್ತದೆ. ಡಿಸೆಂಬರಿನಿಂದ ಮಾರ್ಚಿಯ ತನಕ ದೇವಬಾಗ, ಮಾಜಾಳಿಯ ಮರಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿ ಬೆಳಕಿರುವ ದಿಕ್ಕನ್ನೇ ಕಡಲೆಂದು ನಂಬಿ ನಡೆಯುವುದರಿಂದ, ದಂಡೆಯ ವಿದ್ಯುದ್ದೀಪ ಅದನ್ನು ಊರಿನತ್ತ ಎಳೆಯುತ್ತದೆ.

ಹಾಗಾದರೆ ಬರಬಾರದೇ? ಬರಬಹುದು. ಮಳೆ ಹಿಂದೆ ಸರಿದು ಹೊಳೆಗಳು ತುಂಬಿರುವ ಅಕ್ಟೋಬರಿನ ದಸರಾ ರಜೆಯೇ ಕಲಾಸಿಪಾಳ್ಯದ ಆ ಕುಟುಂಬಕ್ಕೆ ಯೋಗ್ಯವಾದ ಕಾಲ. 2020ರಲ್ಲಿ ಆರಂಭವಾದ ಪಂಚಗಂಗಾ ರೈಲು ಬೆಂಗಳೂರಿನಿಂದ ಸಂಜೆ ಹೊರಟು ಬೆಳಿಗ್ಗೆ ಕಾರವಾರಕ್ಕೆ ತಲುಪಿಸುತ್ತದೆ. ಐನೂರು ಕಿಲೋಮೀಟರಿಗೂ ಮಿಕ್ಕ ದಾರಿಗೆ ಸ್ವಂತ ಕಾರು ಬೇಕಿಲ್ಲ. ಮೊದಲ ದಿನ ಸದಾಶಿವಗಡ, ಅಳಿವೆಯ ಕಾಂಡ್ಲ ಕಾಡು, ಕಡಲತೀರ. ಆ ತೀರಕ್ಕೆ ರವೀಂದ್ರನಾಥ ಠಾಕೂರರ ಹೆಸರಿದೆ. 1880ರ ದಶಕದ ಆರಂಭದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದಾಗ ಅವರು ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದರು. ಎರಡನೆಯ ದಿನ ವಾಯವ್ಯ ಸಾರಿಗೆಯ ಕೆಂಪು ಬಸ್ಸು ಕದ್ರಾ ದಾಟಿ ಘಟ್ಟ ಹತ್ತಿಸಿ ಅಣಶಿಗೆ, ಮುಂದೆ ಜೋಯಿಡಾಕ್ಕೆ ಒಯ್ಯುತ್ತದೆ. ಹೊರಡುವ ಮೊದಲು ಅರಣ್ಯ ಇಲಾಖೆಯಲ್ಲಿ ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ವಿಚಾರಿಸಿಕೊಳ್ಳಬೇಕು. ಹಿಂದಿರುಗಲು ದಾಂಡೇಲಿ, ಧಾರವಾಡದ ಮಾರ್ಗವಿದೆ.

ಇನ್ನುಳಿದಿರುವುದು ಉಳಿಯುವುದೆಲ್ಲಿ, ಉಣ್ಣುವುದೆಲ್ಲಿ ಎಂಬ ಪ್ರಶ್ನೆ. ಎಲ್ಲಕ್ಕಿಂತ ಗಂಭೀರವಾದದ್ದು ಇದೇ. ಕಾಳಿ ಕಣಿವೆಯ ಜನ ಎಷ್ಟು ಸಲ ಎದ್ದು ಹೋಗಿದ್ದಾರೆಂಬುದನ್ನು ಪ್ರವಾಸಿಗ ತಿಳಿಯಬೇಕು. ಒಂದು ಕಾಲಕ್ಕೆ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಅಣೆಕಟ್ಟೆಯ ನೀರಿನಲ್ಲಿ ಮುಳುಗಿತು. ಅಲ್ಲಿನವರಲ್ಲಿ ಅನೇಕರು ರಾಮನಗರಕ್ಕೆ ಹೋದರು. ಕೊಡಸಳ್ಳಿ, ಕದ್ರಾ ಅಣೆಕಟ್ಟೆಗಳಿಗೆ ಇನ್ನಷ್ಟು ಊರುಗಳು ಹೋದವು. ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರ ಬಂದಿತು. ಅದರ ಮೊದಲ ಎರಡು ಘಟಕಗಳು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಕಡಲಂಚಿನಲ್ಲಿ ಸೀಬರ್ಡ್ ನೌಕಾನೆಲೆಗಾಗಿ ಮೀನುಗಾರರೂ ರೈತರೂ ಮನೆ, ಗದ್ದೆ ಬಿಟ್ಟರು. ನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಬಳಿಕ ಹುಲಿ ಯೋಜನೆ. ಸ್ವಇಚ್ಛೆಯಿಂದ ಕಾಡು ಬಿಡುವ ಕುಟುಂಬಕ್ಕೆ 2008ರಲ್ಲಿ 10 ಲಕ್ಷ, 2021ರಿಂದ 15 ಲಕ್ಷ ರೂಪಾಯಿ ಎಂದು ಕೇಂದ್ರದ ಪ್ಯಾಕೇಜು ಹೇಳಿತು. ಶಾಲೆ, ರಸ್ತೆ, ಆಸ್ಪತ್ರೆ ದೂರವಿದ್ದವರಲ್ಲಿ ಕೆಲವರು ಒಪ್ಪಿ ಹೊರಟರು. ಕೆಲವರು ಗದ್ದೆ, ದೇವರು, ಸ್ಮಶಾನ ಬಿಟ್ಟು ಬರಲಾರೆವೆಂದು ಉಳಿದರು. ಎರಡೂ ನಿರ್ಧಾರಗಳು ಗೌರವಕ್ಕೆ ಅರ್ಹವಾದವು.

ಕಾಡಿನಲ್ಲಿ ಹಳ್ಳಿಗನಿರುವುದು ಹುಲಿಗೆ ತೊಂದರೆ ಎನ್ನುವುದಾದರೆ, ರಾತ್ರಿ ಬಣ್ಣದ ದೀಪ ಹಚ್ಚಿ ಧ್ವನಿವರ್ಧಕ ಹಾಕುವ ವಿಹಾರಿಯಿಂದ ತೊಂದರೆ ಇಲ್ಲವೇ? 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಹುಲಿ ತಾಣಗಳ ಒಳವಲಯದಲ್ಲಿ ಪ್ರವಾಸೋದ್ಯಮವನ್ನು ಕೆಲಕಾಲ ತಡೆದು, ಮಾರ್ಗಸೂಚಿ ಬಂದ ಮೇಲೆ ಸಡಿಲಿಸಿತು. ಒಳವಲಯದ ಶೇಕಡ 20ಕ್ಕಿಂತ ಹೆಚ್ಚು ಭಾಗ ಪ್ರವಾಸಕ್ಕೆ ಸಲ್ಲದೆಂದು ಆ ಮಾರ್ಗಸೂಚಿ ವಿಧಿಸಿತು. ನಿಯಮ ಕಾಗದದಲ್ಲಿದೆ. ಅದನ್ನು ಪಾಲಿಸುವ ಶಕ್ತಿ ಪ್ರವಾಸಿಗನ ಆಯ್ಕೆಯಲ್ಲಿದೆ. ಜೋಯಿಡಾದ ಕುಣಬಿ ಮನೆಯೊಂದರ ಜಗುಲಿಯಲ್ಲಿ ಉಳಿದು, ಅವರು ಬೆಳೆದ ಮುಡ್ಲಿ ಗೆಡ್ಡೆಯ ಊಟಕ್ಕೆ ಕೊಟ್ಟ ಹಣ ಅದೇ ಊರಿನಲ್ಲಿ ನಿಲ್ಲುತ್ತದೆ, ಊರಿನ ಯುವಕನನ್ನೂ ನಿಲ್ಲಿಸುತ್ತದೆ. ನಗರದಲ್ಲಿ ಮುಂಗಡ ಪಾವತಿಸಿದ ರೆಸಾರ್ಟಿನ ಹಣ ಬಹುಪಾಲು ನಗರದಲ್ಲೇ ಉಳಿಯುತ್ತದೆ. ಬಾಟಲಿ ಮಾತ್ರ ಹಳ್ಳಕ್ಕೆ ಬರುತ್ತದೆ.

ಆದ್ದರಿಂದ ಗ್ರಾಮಸ್ಥರಲ್ಲಿ ಒಂದು ವಿನಂತಿ. ಪ್ರವಾಸಿಗರನ್ನು ದೂರುತ್ತ ಕೂರುವ ಬದಲು ಪ್ರತಿ ಊರಿನ ಗ್ರಾಮಸಭೆಯೂ ತನ್ನ ಪಂಚಾಂಗವನ್ನು ತಾನೇ ಬರೆಯಲಿ: ಯಾವ ತಿಂಗಳು ಅತಿಥಿಗಳಿಗೆ ಸ್ವಾಗತ, ಯಾವ ತಿಂಗಳು ಬೇಡ, ಎಷ್ಟು ಮಂದಿಗೆ ನೀರಿದೆ, ಯಾವ ಮರದ ಬಳಿ ಹೋಗಬಾರದು, ಊಟಕ್ಕೆ ಎಷ್ಟು. ವಿದ್ಯಾರ್ಥಿಗಳು ಅದನ್ನು ಒಂದು ಹಾಳೆಯಲ್ಲಿ ಚೊಕ್ಕವಾಗಿ ಬರೆದು ಕಲಾಸಿಪಾಳ್ಯದ ಬಸ್ ನಿಲ್ದಾಣದಲ್ಲಿ, ಟಿಕೆಟ್ ಅಂಗಡಿಗಳ ಗೋಡೆಯಲ್ಲಿ, ನಗರದ ಶಾಲೆಗಳ ಫಲಕದಲ್ಲಿ ಹಚ್ಚಲಿ. ಊರಿನಿಂದ ಹೋದ ಅಣ್ಣತಮ್ಮಂದಿರು, ಅಕ್ಕತಂಗಿಯರು ಅಲ್ಲಿ ದುಡಿಯುತ್ತಿದ್ದಾರೆ; ಅವರ ಕೈಯಲ್ಲೇ ಕಳಿಸಬಹುದು. ಟಿಕೆಟ್ ಕೊಳ್ಳುವ ಮುನ್ನವೇ ಮಂಗಟ್ಟೆಯ ತಿಂಗಳು ಯಾವುದೆಂದು ನಗರದ ಮಗುವೊಂದು ಓದಿ ತಂದೆಗೆ ಹೇಳಿದರೆ, ಆ ಪ್ರವಾಸದ ಯೋಜನೆಯಲ್ಲಿ ಕಾಡಿಗೂ ಹಳ್ಳಿಗೂ ಮೊದಲ ಬಾರಿಗೆ ಒಂದು ಮಾತು ಸಿಕ್ಕಂತಾಗುತ್ತದೆ.