ಮಾಳಿಗೆ ಮನೆಯ ಭಾರ



ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆ ಹಳೆಯ ಮನೆಯನ್ನು ಅಳೆಯುವುದು ಅಡಿಯಿಂದಲ್ಲ, ಅಂಕಣದಿಂದ. ಮನೆಯಲ್ಲಿ ‘ಐದಂಕಣದ ಮನೆ’ ಎನ್ನುವ ನಾವೇ ಪೇಟೆಗೆ ಹೋದಾಗ ‘ಪಾಚ್ ಖಣಾಂಚೆ ಘರ್’ ಎನ್ನುತ್ತೇವೆ. ಮಾತು ಎರಡು, ಮನೆ ಒಂದೇ. ಕಲ್ಲು-ಮಣ್ಣಿನ ದಪ್ಪ ಗೋಡೆ, ಒಳಗೆ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಹಲಗೆ, ಅದರ ಮೇಲೆ ಮಣ್ಣು. ಮೇ ತಿಂಗಳ ನಡುಹಗಲಲ್ಲಿ ಇಂಥ ಮನೆಯ ತಂಪು ಪತ್ರಾಸ್ ಮನೆಯಲ್ಲಿ ಕುಳಿತವರಿಗೆ ಚೆನ್ನಾಗಿ ಗೊತ್ತು.

ಆದರೂ ಈ ಮನೆಯ ಬಗ್ಗೆ ನಮ್ಮ ಜನರ ಮನಸ್ಸಿನಲ್ಲಿ ಒಂದು ಅಂಜಿಕೆ ಕೂತಿದೆ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಬಂದು ಮಲಗಿದ ರಾತ್ರಿ. ನಸುಕಿನ ನಾಲ್ಕು ಗಂಟೆ ಇನ್ನೂ ಹೊಡೆದಿರಲಿಲ್ಲ. ಕಿಲ್ಲಾರಿಯ ಸುತ್ತ, ಲಾತೂರ-ಉಸ್ಮಾನಾಬಾದ ಜಿಲ್ಲೆಗಳಲ್ಲಿ ನೆಲ ನಡುಗಿ ಏಳೂವರೆ ಸಾವಿರಕ್ಕಿಂತ ಹೆಚ್ಚು ಜನ ಸತ್ತರು. ಬಹಳ ಮಂದಿ ಸತ್ತದ್ದು ಇಂಥ ಮನೆಗಳ ಕಲ್ಲು-ಮಣ್ಣಿನ ಅಡಿಯಲ್ಲಿಯೇ. ‘ಮಣ್ಣಿನ ಮನೆಯೇ ಬೇಡ’ ಎಂಬ ಮಾತು ಆಗ ಹುಟ್ಟಿತು.

ಆದರೆ ಕೊಂದದ್ದು ಮಣ್ಣೇ? ನೀವೇ ಲೆಕ್ಕ ಹಾಕಿ. ಒಂದು ಘನ ಅಡಿ ಒಣಮಣ್ಣು ಸುಮಾರು 45 ಕಿಲೋ. ಮಾಳಿಗೆ ಸೋರಿದಾಗಲೆಲ್ಲ ನಾಲ್ಕು ಬುಟ್ಟಿ ಮಣ್ಣು ಮೇಲೆ ಸುರಿಯುವುದು ನಮ್ಮ ರೂಢಿ. ಅಜ್ಜ ಹಾಕಿದ್ದರ ಮೇಲೆ ಅಪ್ಪ, ಅಪ್ಪನ ಮೇಲೆ ಮಗ. ಹೀಗೆ ಎರಡಡಿ ಆಗಿಬಿಟ್ಟಿರುತ್ತದೆ. ಹತ್ತಡಿಗೆ ಹತ್ತಡಿ ಖೋಲಿಯ ಮೇಲೆ ಒಂಬತ್ತು ಟನ್! ತಲೆಯ ಮೇಲೆ ಅಷ್ಟು ಹೊತ್ತವನನ್ನು ಯಾರಾದರೂ ಅಲುಗಾಡಿಸಿದರೆ ಏನಾದೀತು?

ಎರಡನೆಯದು ಗೋಡೆ. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಒಂದು ಸಾಲು, ನಡುವೆ ಚೂರುಗಲ್ಲು ಮಣ್ಣು. ನೋಡಲು ಮೂರಡಿ ದಪ್ಪ, ಆದರೆ ಅದು ಒಂದು ಗೋಡೆಯಲ್ಲ, ಕೈ ಹಿಡಿಯದೆ ನಿಂತ ಎರಡು ಗೋಡೆ. ನಡುಗಿದಾಗ ಎರಡೂ ಹೊಟ್ಟೆ ಬಿಟ್ಟು ಬೇರೆ ಬೇರೆ ಬೀಳುತ್ತವೆ. ತೊಲೆಯ ಭಾರವೆಲ್ಲ ಕಂಬಗಳೇ ಹೊತ್ತಿದ್ದ ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ನಿಂತದ್ದುಂಟು. ನಮ್ಮ ಬಡಿಗೇರರ ಕೆಲಸಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಹೊಸದಾಗಿ ಕಟ್ಟುವವರು ಗೌಂಡಿಗೆ ಇಷ್ಟು ಹೇಳಿರಿ. ಗೋಡೆ ಒಂದೂವರೆ ಅಡಿಗಿಂತ ದಪ್ಪ ಬೇಡ. ಎತ್ತರದಲ್ಲಿ ಪ್ರತಿ ಎರಡಡಿಗೆ, ಉದ್ದದಲ್ಲಿ ನಾಲ್ಕಡಿಗೊಂದರಂತೆ, ಆಚೆಯಿಂದ ಈಚೆಗೆ ಹಾಯುವ ಉದ್ದಗಲ್ಲು ಇಡಬೇಕು. ಇದು ನನ್ನ ಮಾತಲ್ಲ, ಭಾರತೀಯ ಮಾನಕ ಬ್ಯೂರೋ 1993ರಲ್ಲಿ ಪ್ರಕಟಿಸಿದ ಐ.ಎಸ್. 13828ರ ನಿಯಮ. ಬಾಗಿಲು-ಕಿಟಕಿಯ ಮೇಲೆ ಮನೆಯ ಸುತ್ತ ಕಡಿಯದ ಪಟ್ಟಿಯೊಂದು ಇರಲಿ, ಕಬ್ಬಿಣ ಹಾಕಿದ ಕಾಂಕ್ರೀಟಿನದಾದರೂ ಸರಿ, ಕಟ್ಟಿಗೆಯದಾದರೂ ಸರಿ.

ಇದ್ದ ಮನೆಯನ್ನು ಕೆಡವಬೇಕಾಗಿಲ್ಲ. ಗೋಡೆಯಲ್ಲಿ ಅಲ್ಲಲ್ಲಿ ಒಂದೊಂದು ಕಲ್ಲು ಮೆಲ್ಲಗೆ ಬಿಡಿಸಿ, ಆರಪಾರ ತೂತು ಮಾಡಿ, ಎರಡೂ ತುದಿ ಬಾಗಿಸಿದ ಸಳಿ ಇಟ್ಟು ಕಾಂಕ್ರೀಟು ತುಂಬಿದರೆ ಅದೇ ಉದ್ದಗಲ್ಲಿನ ಕೆಲಸ ಮಾಡುತ್ತದೆ. ಹಾರೆ ಹಾಕಿ ಬಡಿಯುವ ಕೆಲಸ ಇದಲ್ಲ.

ಮಾಳಿಗೆಯ ಮಣ್ಣನ್ನು ಎಂಟು ಇಂಚಿಗೆ ಇಳಿಸಿರಿ. ‘ಸೋರಿದರೆ?’ ಎಂದು ಮನೆಯ ಹೆಣ್ಣುಮಕ್ಕಳು ಕೇಳುತ್ತಾರೆ, ಕೇಳಬೇಕಾದದ್ದೇ. ನಾಲ್ಕು ಇಂಚು ಮಣ್ಣು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಮತ್ತೆ ನಾಲ್ಕು ಇಂಚು. ನೀರು ದೋಣಿಯತ್ತ ಹರಿಯುವಂತೆ ಇಳಿಜಾರು. ಮೇಲಿನ ಮಣ್ಣು ಊರ ಹಳೆಯ ಬಿಳಿಮಣ್ಣಾಗಲಿ. ಎರೆಮಣ್ಣು ಬೇಡವೇ ಬೇಡ. ಬೇಸಿಗೆಯಲ್ಲಿ ಅದು ಬಿರಿಯುತ್ತದೆ, ಮೊದಲ ಮಳೆಯೇ ಒಳಗೆ ಬರುತ್ತದೆ.

ಈ ಕೆಲಸಕ್ಕೆ ಸುಗ್ಗಿ ಮುಗಿದ ಮೇಲಿನ ಒಣ ದಿನಗಳೇ ಒಳ್ಳೆಯವು. ಮಣ್ಣು ಇಳಿಸುವ ಮೊದಲು ಒಳಗಿನ ತೊಲೆಗಳಿಗೆ ಆಸರೆ ಕೊಡಿರಿ, ಜಂತಿಗೆ ಗೆದ್ದಲು ಹತ್ತಿದೆಯೇ ಎಂದು ಉಳಿಯಿಂದ ಚುಚ್ಚಿ ನೋಡಿರಿ. ಒಂದೇ ಮಗ್ಗುಲಿನಿಂದ ತೆಗೆಯಬೇಡಿರಿ. ಎಲ್ಲ ಅಂಕಣಗಳಿಂದ ಸಮನಾಗಿ, ಪದರು ಪದರಾಗಿ ತೆಗೆಯಿರಿ. ಆ ಹೊತ್ತು ಕೆಳಗೆ ಮಕ್ಕಳಾಗಲಿ ದನಗಳಾಗಲಿ ಇರಕೂಡದು.