ಯಂತ್ರದೊಳಗಿನ ವಿಳಾಸ



ಉರ್ದು, ಕನ್ನಡ ಕಲಿಸುವವರಿಗೆ ಪಿ.ಎಲ್.ಸಿ.ಯ ಗೊಡವೆ ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಮಕ್ಕಳಲ್ಲಿ ಅನೇಕರು ಐ.ಟಿ.ಐ., ಡಿಪ್ಲೊಮಾ ಮುಗಿಸಿ ಪೀಣ್ಯ, ವೈಟ್‌ಫೀಲ್ಡ್ ಕಡೆಯ ಕಾರ್ಖಾನೆಗಳಿಗೆ ಹೋಗುವವರು. ಅಲ್ಲಿ ಯಂತ್ರಗಳನ್ನು ನಡೆಸುವ ಪುಟ್ಟ ಗಣಕವೇ ಪ್ರೋಗ್ರಾಮಬಲ್ ಲಾಜಿಕ್ ಕಂಟ್ರೋಲರ್. ಅಮೆರಿಕದ ಡಿಕ್ ಮೋರ್ಲಿಯವರು 1968ರಲ್ಲಿ ಇದರ ಕಲ್ಪನೆಯನ್ನು ಬರೆದಿಟ್ಟರು. ಇದನ್ನು ಕಲಿಯುವವರು ಹೆಚ್ಚಾಗಿ ಎಡವುವುದು ವಿಳಾಸದಲ್ಲಿ. ವಿಳಾಸವೆಂದರೆ ಓದುಬರಹದ ವಿಷಯವೂ ಹೌದಲ್ಲವೇ?

ನಮ್ಮ ಬಡಾವಣೆಯನ್ನೇ ನೋಡಿ. ಕೆಲವರು ಫ್ರೇಜರ್ ಟೌನ್ ಎನ್ನುತ್ತಾರೆ, ಕೆಲವರು ಪುಲಿಕೇಶಿನಗರ ಎನ್ನುತ್ತಾರೆ. ಹೆಸರು ಎರಡಾದರೂ ಪಿನ್ ಕೋಡ್ ಒಂದೇ, 560005. ಪಿ.ಎಲ್.ಸಿ.ಯಲ್ಲೂ ಅಷ್ಟೇ. ಹೆಸರು ನಾವು ಇಟ್ಟದ್ದು, ವಿಳಾಸ ಜಾಗದ್ದು.

ಸೀಮೆನ್ಸ್ ಪದ್ಧತಿಯಲ್ಲಿ 'ಐ' ಎಂದರೆ ಹೊರಗಿನಿಂದ ಬರುವ ಸಂಕೇತ, 'ಕ್ಯೂ' ಎಂದರೆ ಹೊರಗೆ ಹೋಗುವ ಆಜ್ಞೆ, 'ಎಂ' ಎಂದರೆ ಒಳಗಿನ ಮೆಮೊರಿ. 'ಐ 0.3' ಎಂದರೆ ಸೊನ್ನೆ ಸಂಖ್ಯೆಯ ಬೈಟಿನಲ್ಲಿ 3 ಎಂಬ ಸಂಖ್ಯೆಯ ಬಿಟ್. ಒಂದು ಬೈಟಿಗೆ ಎಂಟೇ ಬಿಟ್. ಹಾಗಾಗಿ 0.7 ಆದ ಮೇಲೆ 0.8 ಇಲ್ಲ, 1.0 ಬರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. 'ಎಂಡಬ್ಲ್ಯೂ 10' ಎಂಬ ವರ್ಡ್ ನೋಡಲು ಒಂದೇ ಸಂಖ್ಯೆ. ಆದರೆ ಅದು 10 ಮತ್ತು 11 ಎಂಬ ಎರಡು ಬೈಟುಗಳನ್ನು ಹಿಡಿದುಕೊಂಡಿರುತ್ತದೆ. ಒಬ್ಬರು ಅಲ್ಲಿ ಬಾಟಲಿಗಳ ಎಣಿಕೆ ಇಟ್ಟರು, ಇನ್ನೊಬ್ಬರು ತಿಳಿಯದೆ 'ಎಂ 11.0' ಬಿಟ್ಟನ್ನು ಮೋಟಾರಿನ ಆಜ್ಞೆಗೆ ಬಳಸಿದರು ಎಂದುಕೊಳ್ಳಿ. ಒಂದೇ ಕೋಣೆಯನ್ನು ಇಬ್ಬರಿಗೆ ಬಾಡಿಗೆ ಕೊಟ್ಟಂತಾಯಿತು! ಆ ಬಿಟ್ ಎಣಿಕೆಯ ಕಟ್ಟಕಡೆಯ ಬಿಟ್. ಎಣಿಕೆ ಬೆಸವಾದಾಗ 1, ಸಮವಾದಾಗ 0. ಬಾಟಲಿ ದಾಟಿದಂತೆಲ್ಲ ಮೋಟಾರಿನ ಆಜ್ಞೆ ಬಂದು ಹೋಗುತ್ತಿರುತ್ತದೆ. ಅದೇ ಗಳಿಗೆಯಲ್ಲಿ ಯಾರಾದರೂ ಯಂತ್ರದೊಳಗೆ ಕೈ ಹಾಕಿದ್ದರೆ?

ಇನ್ನೊಂದು ಸೂಕ್ಷ್ಮವಿದೆ. ಕನ್ನಡವನ್ನು ಎಡದಿಂದ ಓದುತ್ತೇವೆ, ಉರ್ದುವನ್ನು ಬಲದಿಂದ. ದಿಕ್ಕು ತಪ್ಪಿದರೆ ಅರ್ಥ ಕೆಡುತ್ತದೆ. ವರ್ಡ್‌ನಲ್ಲಿ ಸೀಮೆನ್ಸ್ ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುತ್ತದೆ. ಬೇರೆ ಕೆಲವು ಸಾಧನಗಳು ಸಣ್ಣ ಬೆಲೆಯದನ್ನು ಮೊದಲು ಇಡುತ್ತವೆ. ಇವೆರಡನ್ನು ಜೋಡಿಸುವಾಗ ಎಚ್ಚರ ತಪ್ಪಿದರೆ 1 ಎಂದು ಕಳಿಸಿದ್ದು 256 ಆಗಿ ತಲುಪುತ್ತದೆ.

ಹೊಸ ಪಿ.ಎಲ್.ಸಿ.ಗಳಲ್ಲಿ ನಾವು ಹೆಸರು ಕೊಟ್ಟರೆ ಸಾಕು, ಜಾಗವನ್ನು ಸಾಫ್ಟ್‌ವೇರೇ ಹುಡುಕುವ ಸೌಲಭ್ಯವಿದೆ. ಆದರೂ ಹಳೆಯ ಯಂತ್ರ ರಿಪೇರಿ ಮಾಡುವಾಗ, ಒಂದು ಸಾಧನ ಇನ್ನೊಂದರೊಡನೆ ಮಾತನಾಡಬೇಕಾದಾಗ ವಿಳಾಸದ ಜ್ಞಾನವೇ ಕೈ ಹಿಡಿಯುವುದು.

ವಿದ್ಯಾರ್ಥಿಗಳೇ, ಪ್ರೋಗ್ರಾಂ ಬರೆಯುವ ಮೊದಲು ವಿಳಾಸಗಳ ಪಟ್ಟಿ ಬರೆಯಿರಿ. ಯಾವ ಜಾಗ, ಎಷ್ಟು ಅಗಲ, ಯಾತಕ್ಕೆ ಎಂಬುದು ಅದರಲ್ಲಿರಲಿ. ವರ್ಡ್‌ಗಳಿಗೆ 10, 12, 14 ಎಂದು ಸಮಸಂಖ್ಯೆಗಳನ್ನೇ ಕೊಡಿ, ಒಂದರ ಮೇಲೊಂದು ಬೀಳುವುದಿಲ್ಲ. ಬೇರೆಯವರು ಬರೆದ ಪ್ರೋಗ್ರಾಂ ತಿದ್ದುವಾಗ, ಆ ವಿಳಾಸ ಮತ್ತೆಲ್ಲಿ ಬಳಕೆಯಾಗಿದೆ ಎಂದು ಕ್ರಾಸ್ ರೆಫರೆನ್ಸ್ ತೆರೆದು ನೋಡಿ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದನ್ನು ಮನೆಮಾತಿನಲ್ಲಿ ಗೆಳೆಯನಿಗೆ ಒಮ್ಮೆ ವಿವರಿಸಿ. ವಿವರಿಸಲು ಬಂದರೆ ಮಾತ್ರ ನಿಮಗೆ ಅರ್ಥವಾಗಿದೆ ಎಂದು ತಿಳಿಯಿರಿ. ನಿಮ್ಮ ನಂತರ ಆ ಯಂತ್ರದ ಮುಂದೆ ನಿಲ್ಲುವವರ ಕ್ಷೇಮ ನಿಮ್ಮ ಆ ಪಟ್ಟಿಯಲ್ಲಿದೆ.